ಒಂದು ಒತ್ತಿಗೆ ಮೂರು

"ನಿನ್ನ ಡಬ್ಬಿ ನನ್ನನ್ನ ಕಳ್ಳಿ ಮಾಡ್ತು!"

ಬ್ಯಾಗ್ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವಳು ರಿಪೇರಿ ಅಂಗಡಿಯ ಮೇಜಿನ ಮೇಲೆ ಬ್ಯಾಗ್ ಎಣಿಸುವ ಕೌಂಟರ್ ಇಟ್ಟಳು. ಇಟ್ಟಳು ಅನ್ನೋದೇನು, ಕುಕ್ಕಿದಳು. ಮೂಗಿನ ತುದಿ ಕೆಂಪಗಾಗಿತ್ತು. ಮೆಕ್ಯಾನಿಕ್ಕಿಗೆ ಆ ಸಿಟ್ಟೂ ಚೆಂದ ಕಂಡಿತು. ಅದಕ್ಕೇ ತಲೆ ತಗ್ಗಿಸಿದ.

ಒಂದು ಬ್ಯಾಗಿಗೆ ಒಂದು ಸಲ ಬಟನ್ ಒತ್ತು, ಅಂಕಿ ತಾನೇ ಏರುತ್ತೆ ಅಂತ ಅವನೇ ಆಸೆಯಿಂದ ಮಾಡಿಕೊಟ್ಟ ಡಬ್ಬಿ. ಇವತ್ತು ಎಂಬತ್ತು ಬ್ಯಾಗಿಗೆ ನೂರಾಮೂವತ್ತು ತೋರಿಸಿತ್ತು. ಉಳಿದ ಐವತ್ತು ಅವಳೇ ಕದ್ದಳು ಅಂತ ಕಾರ್ಖಾನೆಯ ಮೇಸ್ತ್ರಿಯ ಲೆಕ್ಕ.

"ಊಟ ಮುಗಿದ ಮೇಲೆ ಮೇಸ್ತ್ರಿ ಎಲ್ಲರೆದುರು ನೂರು ಸಲ ಒತ್ತಿಸ್ತಾನಂತೆ. ನೂರೇ ಬರಬೇಕು. ಇಲ್ಲಾಂದ್ರೆ ಗೇಟಿನಾಚೆ."

"ಇನ್ನೇನಂದ?"

"ಎಂಟನೇ ಕ್ಲಾಸ್ ಇಂಜಿನಿಯರ್ ಕೈಯಲ್ಲಿ ಇನ್ನೇನಾಗುತ್ತೆ ಅಂದ."

ಅವನ ಮೈಯೆಲ್ಲ ಉರಿಯಿತು. ಬಟನ್ ಗುದ್ದಿದ. ಒಂದು. ಎರಡು. ಮೂರು. ಸರಿಯಾಗೇ ಇದೆ!

"ಈಗ ನೀನು ಒತ್ತು."

ಹಾಲಿನ ಕೆನೆ ಮುಟ್ಟುವಂತೆ ಅವಳ ಬೆರಳು ಬಟನ್ ಮುಟ್ಟಿತು. ಮೂರರಿಂದ ಸೀದಾ ಆರು!

ಆಗ ಹೊಳೆಯಿತು. ತನ್ನ ಒರಟು ಹೆಬ್ಬೆರಳಲ್ಲಷ್ಟೇ ಪರೀಕ್ಷೆ ಮಾಡಿದ್ದ. ಮೆಲ್ಲಗೆ ಒತ್ತಿದರೆ ಒಳಗಿನ ತಗಡು ಕೂರುವ ಮೊದಲು ಕುಣಿಯುತ್ತೆ. ಪ್ರತಿ ಕುಣಿತವನ್ನೂ ಕೌಂಟರ್ ಎಣಿಸುತ್ತೆ.

"ತಪ್ಪು ನಂದು."

"ನಂಗೆ ಹೇಳಿ ಏನುಪಯೋಗ?"

ಇಪ್ಪತ್ತು ನಿಮಿಷ ಉಳಿದಿತ್ತು. ಒಂದು ರೆಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಕುಣಿತ ಅಡಗುವ ತನಕ ತಡೆದುಕೊಳ್ಳೋದೇ ಅವುಗಳ ಕೆಲಸ. ಅವನು ಬೆಸುಗೆ ಹಾಕಲು ಅವಳು ಬೋರ್ಡ್ ಹಿಡಿದಳು. ಅವಳ ಉಸಿರು ಅವನ ಮಣಿಕಟ್ಟಿಗೆ ತಾಗುತ್ತಿತ್ತು.

"ಬೆಸುಗೆ ಪಕ್ಕಕ್ಕೆ ಬಿತ್ತು ನೋಡು."

"ಇಷ್ಟು ಹತ್ರ ನಿಂತ್ರೆ ಇನ್ನೇನಾಗುತ್ತೆ?"

ಅವಳು ನಗಲಿಲ್ಲ. ಸರಿಯಲೂ ಇಲ್ಲ.

ಮೆಕ್ಯಾನಿಕ್ಕೂ ಅವಳ ಜೊತೆ ಕಾರ್ಖಾನೆಗೆ ಬಂದ. ಹೊಲಿಗೆ ಮಷೀನುಗಳೆಲ್ಲ ನಿಂತವು. ಅವಳು ಒತ್ತಿದಳು, ಮೇಸ್ತ್ರಿ ಗಟ್ಟಿಯಾಗಿ ಎಣಿಸಿದ. ಎಂಬತ್ತು. ತೊಂಬತ್ತು. ತೊಂಬತ್ತೊಂಬತ್ತರಲ್ಲಿ ಅವಳ ಬೆರಳು ಅರೆಕ್ಷಣ ನಿಂತಿತು, ಬಟನ್ ಮೇಲೆ ಸಣ್ಣಗೆ ಕಂಪಿಸಿತು.

ನೂರು. ನೂರೇ.

"ಸರಿ ಸರಿ, ಕೆಲಸ ನೋಡ್ಕೊಳ್ಳಿ," ಅಂತ ಮೇಸ್ತ್ರಿ ತಿರುಗಿದ.

"ನಿಲ್ಲಿ ಸಾಹೇಬ್ರೇ," ಮೆಕ್ಯಾನಿಕ್ ಅಡ್ಡ ಬಂದ. "ತಪ್ಪು ಮಾಡಿದ್ದು ಈ ಎಂಟನೇ ಕ್ಲಾಸು. ಕಳ್ಳಿ ಅಂದ ಬಾಯಲ್ಲೇ ಅಲ್ಲ ಅನ್ನಿ. ಎಲ್ಲರಿಗೂ ಕೇಳೋ ಹಾಗೆ."

ಮೇಸ್ತ್ರಿ ಸುತ್ತ ನೋಡಿದ. ಒಬ್ಬರೂ ಮಷೀನು ಮುಟ್ಟಿರಲಿಲ್ಲ. ಕೊನೆಗೆ, "ಅಲ್ಲ," ಅಂದ.

ಗೇಟಿನವರೆಗೆ ಅವಳೇ ಕಳಿಸಲು ಬಂದಳು. ಅಷ್ಟು ಹೊತ್ತು ಅಬ್ಬರಿಸಿದವನು ಅಲ್ಲಿ ತೊದಲಿದ.

"ನಾನು... ನಾನು... ನಾನು ನಿನ್ನ..."

ಅವಳು ಅವನ ಒರಟು ಹೆಬ್ಬೆರಳು ಹಿಡಿದುಕೊಂಡಳು.

"ಮೂರು 'ನಾನು' ಆಯ್ತು. ಒಂದೇ ಅಂತ ಲೆಕ್ಕ ಹಿಡೀತೀನಿ. ಮುಂದೆ ಹೇಳು."