ಪಾಸ್‌ವರ್ಡ್ ಮರೆಯುವ ಮನುಷ್ಯ

"ಮೇಡಂ, ಆ ಪಾಸ್‌ವರ್ಡ್ ಏನಿತ್ರಿ?"

ಹದಿನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಲವಾದರೂ ಈ ಪ್ರಶ್ನೆ ಕೇಳಿಸಿಕೊಂಡವಳು ನಾನು. ಕೇಳುತ್ತಿದ್ದವನು ಶಶಿಕುಮಾರ, ನಮ್ಮ ಮಷಿನ್ ಶಾಪಿನ ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಮಷಿನ್ನಿನ, ಆಪರೇಟರ್.

ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿ ನಮ್ಮದು. ಕೆಳಗೆ ಮಷಿನ್‌ಗಳು, ಮೇಲೆ ಡ್ರಾಯಿಂಗ್ ಆಫೀಸು. ಮೇಲೆ ನಾನು, ಯಶೋಧರಾ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುತ್ತೇನೆ. ಕೆಳಗೆ ಅವನು ಅದನ್ನು ನೋಡಿ ಕಬ್ಬಿಣ ಕೊರೆಯುತ್ತಾನೆ. ಡ್ರಾಯಿಂಗುಗಳೆಲ್ಲ ಇರುವುದು ನನ್ನ ಟೇಬಲ್ಲಿನ ಪಕ್ಕದ ಕರಿ ಡಬ್ಬಿಯಂಥ ಸರ್ವರಿನಲ್ಲಿ. ಕೆಳಗಿನ ಕಂಪ್ಯೂಟರಿನಿಂದ ಆ ಫೋಲ್ಡರ್ ತೆರೆಯಬೇಕೆಂದರೆ ಪಾಸ್‌ವರ್ಡ್ ಬೇಕು. ಪ್ರತಿ ಸೋಮವಾರ ಅದು ಬದಲಾಗುತ್ತಿತ್ತು. ಬದಲಿಸುವವಳು ನಾನು.

"ನಿನ್ನೆ ಹೇಳೇನಲ್ರಿ?"

"ಹೇಳೀರಿ. ಅಂಗೈ ಮ್ಯಾಲ ಬರಕೊಂಡಿದ್ದೆ. ಕೈ ತೊಳದೆ, ಹೋತು."

"ತಲ್ಯಾಗ ಬರಕೋಬೇಕ್ರಿ."

"ತಲಿ ಬ್ಯಾರೆ ಕೆಲಸದಾಗ ಇರ್ತೈತ್ರಿ."

ಹೀಗೆ ಹೇಳುವಾಗ ಅವನು ಮೊದಲು ಕಿಟಕಿ ನೋಡುತ್ತಿದ್ದ. ಆಮೇಲೆ ಗೋಡೆಯ ಕ್ಯಾಲೆಂಡರ್. ಕೊನೆಗೆ, ಇನ್ನು ನೋಡಲು ಏನೂ ಉಳಿದಿಲ್ಲ ಎಂಬಂತೆ ನನ್ನ ಮುಖ. ಅಷ್ಟರಲ್ಲಿ ನಾನು ಕೀಬೋರ್ಡ್ ಕಡೆ ನೋಡುತ್ತಿರುತ್ತಿದ್ದೆ. ಅವನು ನೋಡಿದ್ದು ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ಹೆಣ್ಣುಮಕ್ಕಳಿಗೆ ಅದೆಲ್ಲ ಗೊತ್ತಾಗುತ್ತದೆ.

ನನಗೆ ಕುತೂಹಲ ಸ್ವಲ್ಪ ಹೆಚ್ಚು. "ಎಲ್ಲಾದ್ರಾಗೂ ಮೂಗು ತೂರಸ್ತಿ" ಎಂದು ಅವ್ವ ಬೈಯುತ್ತಾಳೆ. ಈ ಮನುಷ್ಯನ ಮರೆವು ನನ್ನ ತಲೆಗೆ ಹುಳ ಬಿಟ್ಟಿತ್ತು. ಒಂದು ದಿನ ಪರೀಕ್ಷೆ ಮಾಡೇಬಿಟ್ಟೆ.

"ಹೋದ ವರ್ಷ ಒಂದು ಹಿತ್ತಾಳಿ ಬುಶ್ ಮಾಡಿದ್ರಲ್ಲ, ಅದರ ಒಳಗಿನ ಅಳತಿ ಎಷ್ಟಿತ್ರಿ?"

"ಮೂವತ್ತೆರಡು ಪಾಯಿಂಟ್ ಸೊನ್ನೆ ಎರಡು," ಅಂದ, ಕಣ್ಣು ಮಿಟುಕಿಸದೆ. "ಯಾಕ್ರಿ, ಮತ್ತ ಆರ್ಡರ್ ಬಂತೇನು?"

ಮಿಲಿಮೀಟರಿನ ನೂರನೇ ಪಾಲನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡವನಿಗೆ ‘ಗಿರ್ಮಿಟ್21’ ಎಂಬ ಪಾಸ್‌ವರ್ಡ್ ಒಂದು ದಿನ ನೆನಪಿರುವುದಿಲ್ಲ ಎಂದರೆ ಏನರ್ಥ? ಮುಂದಿನ ಸೋಮವಾರ ಬೇಕೆಂದೇ ‘ಮರೆಗುಳಿ’ ಎಂದು ಪಾಸ್‌ವರ್ಡ್ ಇಟ್ಟೆ. ಅವನು ಒಂದೊಂದೇ ಅಕ್ಷರ ಕೇಳಿ ಅಂಗೈ ಮೇಲೆ ಬರೆದುಕೊಂಡ. ಕೊನೆಯ ಅಕ್ಷರಕ್ಕೆ ಬಂದಾಗ ಅವನ ಕಿವಿ ಕೆಂಪಾಯಿತು. ಆದರೂ ಬುಧವಾರ ಮತ್ತೆ ಬಂದು ನಿಂತ.

"ಮರತೇನ್ರಿ."

"ಏನು ಮರತ್ರಿ?"

"ಮರೆಗುಳಿ ಅನ್ನೂದನ್ನ ಮರತೇನ್ರಿ."

ಅವತ್ತು ಇಬ್ಬರೂ ನಕ್ಕೆವು. ಹನ್ನೊಂದು ಗಂಟೆಯಾದರೆ ಮೆಟ್ಟಿಲ ಕಡೆ ಕಿವಿ ಇಡುವುದು ನನಗೆ ಅಷ್ಟರಲ್ಲಾಗಲೇ ಚಟವಾಗಿಬಿಟ್ಟಿತ್ತು.

ಹೀಗಿರುವಾಗ ಆಗಸ್ಟಿನಲ್ಲಿ ಒಂದು ಎಡವಟ್ಟಾಯಿತು. ಒಂದು ಫ್ಲ್ಯಾಂಜಿಗೆ, ಅಂದರೆ ಎರಡು ಪೈಪು ಕೂಡಿಸುವ ಬಿಲ್ಲೆಗೆ, ಆರರ ಬದಲು ಎಂಟು ತೂತು ಹಾಕಬೇಕೆಂದು ಗಿರಾಕಿ ಹೇಳಿದ್ದ. ನಾನು ಹೊಸ ಡ್ರಾಯಿಂಗ್ ಮಾಡಿ ಫೋಲ್ಡರಿಗೆ ಹಾಕಿದ್ದೆ. ಶನಿವಾರ ಶಶಿಕುಮಾರನಿಗೆ ರಜೆ. ಸಂಜೆ ಶಿಫ್ಟಿನ ಯಲ್ಲೇಶನಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. ನಾನು ಕೆಲಗೇರಿಯಲ್ಲಿ ನಮ್ಮಕ್ಕನ ಮಗಳನ್ನು ತೊಟ್ಟಿಲಿಗೆ ಹಾಕುವ ಗದ್ದಲದಲ್ಲಿದ್ದೆ, ಫೋನು ಬ್ಯಾಗಿನಲ್ಲಿತ್ತು. ಬೋರ್ಡಿಗೆ ಚುಚ್ಚಿದ್ದ ಹಳೆಯ ಪ್ರಿಂಟ್ ನೋಡಿ ಯಲ್ಲೇಶ ಕೆಲಸ ಮುಗಿಸಿದ. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಆರಾರು ತೂತಿನ ನಲವತ್ತು ಫ್ಲ್ಯಾಂಜು ಅಂಗಳದಲ್ಲಿ ಸಾಲಾಗಿ ಕೂತಿದ್ದವು, ಒಂದೂ ಉಪಯೋಗಕ್ಕಿಲ್ಲ.

ಮಾಲೀಕರು ಸಿದ್ದಲಿಂಗಪ್ಪನವರು. ನಾವೆಲ್ಲ ಸಾಹುಕಾರ್ರು ಅನ್ನುತ್ತೇವೆ. ಬೈಯುತ್ತಾರೆ ಎಂದು ಹೆದರಿಕೊಂಡೇ ಅವರ ಮುಂದೆ ನಿಂತೆ.

"ಬಾರವಾ ತಂಗಿ. ಆ ಪಾಸ್‌ವರ್ಡ್ ತಗದ ಬಿಡು. ಕೆಳಗಿನವರು ಬೇಕಾದಾಗ ತಗೊಂಡು ನೋಡ್ಲಿ."

"ಯಾರರ ತಪ್ಪಿ ಅಳಿಸಿದ್ರ ಹೆಂಗ್ರಿ?"

"ನೋಡಾಕಷ್ಟ ಬಿಡು, ಮುಟ್ಟಾಕ ಬಿಡಬ್ಯಾಡ. ಆಗಂಗಿಲ್ಲೇನು?"

"ಆಗ್ತೈತ್ರಿ. ಪಾಸಾದ ಡ್ರಾಯಿಂಗಿಗೆ ಒಂದು ಬ್ಯಾರೆ ಫೋಲ್ಡರ್ ಮಾಡ್ತೇನಿ. ಅದಕ್ಕ ಪಾಸ್‌ವರ್ಡ್ ಇಲ್ಲ. ನಮ್ಮ ಫ್ಯಾಕ್ಟರಿ ಒಳಗಿಂದ ಯಾರು ಬಂದ್ರೂ ಸರ್ವರ್ ಅವರನ್ನ ಗೆಸ್ಟ್ ಅಂತ ಒಳಗ ಬಿಡ್ತೈತಿ."

"ಗೆಸ್ಟ್ ಅಂದ್ರ ಬೀಗರು," ಎಂದು ಸಾಹುಕಾರ್ರು ಕನ್ನಡಕ ತೆಗೆದರು. "ಬರೋಬ್ಬರಿ ಆತು. ಬೀಗರನ್ನ ಪಡಸಾಲ್ಯಾಗ ಕುಂಡ್ರಿಸಿ ಊಟಕ್ಕ ನೀಡ್ತೇವಿ. ಅಡಗಿಮನ್ಯಾಗ ಹೋಗಿ ಸಾರಿಗೆ ಉಪ್ಪು ಹಾಕಾಕ ಬಿಡ್ತೇವೇನು?"

ಇಷ್ಟು ಚೆನ್ನಾಗಿ ಯಾವ ಕಂಪ್ಯೂಟರ್ ಪುಸ್ತಕವೂ ಹೇಳಿರಲಿಕ್ಕಿಲ್ಲ. ನಗುತ್ತ ಹೊರಟವಳನ್ನು ಅವರ ಮುಂದಿನ ಮಾತು ತಡೆಯಿತು.

"ಖರೇ ಅಂದ್ರ ಇದು ನಂದಲ್ಲವಾ ವಿಚಾರ. ಮುಂಜಾನೆ ಶಶಿಕುಮಾರ ಬಂದು ಹೇಳಿ ಹೋದ, ಪಾಸ್‌ವರ್ಡ್ ತಗಸ್ರಿ ಅಂತ. ಶ್ಯಾಣ್ಯಾ ಅದಾನ ಹುಡುಗ."

ಶಶಿಕುಮಾರನೇ ಹೇಳಿದ್ದನಂತೆ! ನನಗೆ ಕೆಟ್ಟೆನಿಸಿತು. ಪಾಸ್‌ವರ್ಡ್ ಹೋದರೆ ಅವನು ಮೇಲೆ ಬರುವ ಕೆಲಸವೇ ಇಲ್ಲ. ಅದು ಅವನಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಹೇಳಿದ್ದಾನೆ. ಹಾಗಾದರೆ ಅವನದು ನಿಜವಾದ ಮರೆವು, ಮೆಟ್ಟಿಲು ಹತ್ತಿ ಹತ್ತಿ ಬೇಸತ್ತಿದ್ದಾನೆ, ನಾನೊಬ್ಬಳೇ ಇಲ್ಲದ ಅರ್ಥ ಹಚ್ಚಿಕೊಂಡು ಕೂತಿದ್ದೇನೆ. ಮೂವತ್ತರ ಹತ್ತಿರ ಬಂದರೂ ಬುದ್ಧಿ ಬರಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡಿದೆ. ಹೊಸ ಫೋಲ್ಡರ್ ಮಾಡಿದೆ, ‘ಗೆಸ್ಟ್’ ಎದುರು ನೋಡಲು ಮಾತ್ರ ಎಂದು ಗುರುತು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಸುಮ್ಮನೆ "ಆಗಲಿಲ್ಲ ಸರ್" ಎಂದುಬಿಟ್ಟರೆ ಸಾಹುಕಾರ್ರಿಗೇನು ತಿಳಿಯುತ್ತದೆ ಎಂಬ ಯೋಚನೆಯೂ ಬಂದುಹೋಯಿತು. ಆದರೆ ಅಂಗಳದಲ್ಲಿ ಆ ನಲವತ್ತು ಫ್ಲ್ಯಾಂಜು ಇನ್ನೂ ಹಾಗೇ ಬಿದ್ದಿದ್ದವು. ಆ ಮೂರು ದಿನ ಅವನು ಒಮ್ಮೆಯೂ ಮೇಲೆ ಬರಲಿಲ್ಲ.

ಗುರುವಾರ ಶಿಫ್ಟ್ ಬದಲಾಗುವ ಹೊತ್ತಿಗೆ ನಾನೇ ಕೆಳಗಿಳಿದೆ, ಕೆಳಗಿನ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆಯುತ್ತದೋ ಇಲ್ಲವೋ ನೋಡಲು. ಶಶಿಕುಮಾರ ಮಷಿನ್ನಿನ ಬಳಿ ನಿಂತಿದ್ದ. ನನ್ನನ್ನು ನೋಡಿ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಮಷಿನ್ನಿನ ಕಡೆ ತಿರುಗಿದ. ನಾನೂ ಬಿಗುಮಾನದಿಂದ ದುಪಟ್ಟಾ ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತೆ.

ಆ ಕಂಪ್ಯೂಟರಿನಲ್ಲಿ ಇಬ್ಬರ ಲಾಗಿನ್ ಇವೆ. ಮೊದಲು ಯಲ್ಲೇಶನದು ತೆರೆದೆ. ನಿಮ್ಮ ಸಂಸ್ಥೆಯ ಭದ್ರತಾ ನಿಯಮದ ಪ್ರಕಾರ ಅತಿಥಿಗಳಿಗೆ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಗದರಿಸಿತು. ನಮ್ಮ ಸಂಸ್ಥೆಯ ಭದ್ರತೆ ಎಂದರೆ ಗೇಟಿನ ಉಡಚಪ್ಪ ಮಾಮಾ. ಆತ ಇವತ್ತಿನವರೆಗೆ ಒಂದು ನಾಯಿಯನ್ನೂ ತಡೆದವನಲ್ಲ. ಈ ಹೊಸ ಕಂಪ್ಯೂಟರುಗಳೇ ಹಾಗೆ, ಗುರುತಿಲ್ಲದವರನ್ನು ಕಂಡರೆ ತಾವಾಗಿಯೇ ಅನುಮಾನ ಪಡುತ್ತವೆ. ಒಂದು ಸೆಟ್ಟಿಂಗ್ ಬದಲಿಸಿದೆ. ಫೋಲ್ಡರ್ ತೆರೆಯಿತು.

"ಅಬಾಬಾ, ಏನೂ ಕೇಳಲೇ ಇಲ್ಲಲ್ರಿ!" ಎಂದು ಯಲ್ಲೇಶ ಖುಷಿಯಾಗಿ ಚಹಾ ಕುಡಿಯಲು ಹೋದ.

ಆಮೇಲೆ ಶಶಿಕುಮಾರನ ಲಾಗಿನ್. ಅದರಲ್ಲಿಯೂ ಫೋಲ್ಡರ್ ಥಟ್ಟನೆ ತೆರೆಯಿತು. ಆದರೆ ಯಾರು ಹೇಗೆ ಒಳಗೆ ಬಂದರೆಂದು ಸರ್ವರ್ ನನ್ನ ಫೋನಿನಲ್ಲಿ ತೋರಿಸುತ್ತದೆ. ಯಲ್ಲೇಶ ಗೆಸ್ಟ್ ಎಂದು ಬಂದಿದ್ದ. ಶಶಿಕುಮಾರ ಮಾತ್ರ ಮೊದಲಿನಂತೆ ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಬಂದಿದ್ದ.

ಯಾವ ಪಾಸ್‌ವರ್ಡ್? ನಾನಂತೂ ಏನೂ ಒತ್ತಿರಲಿಲ್ಲ.

ಕಂಪ್ಯೂಟರ್ ನೆನಪಿಟ್ಟುಕೊಂಡ ಪಾಸ್‌ವರ್ಡುಗಳ ಪಟ್ಟಿ ತೆಗೆದೆ. ನಮ್ಮ ಸರ್ವರಿನ ಹೆಸರಿತ್ತು. ಸೇವ್ ಮಾಡಿದ ತಾರೀಖು ಹಿಂದಿನ ವಾರದ ಸೋಮವಾರ. ಸಾಹುಕಾರ್ರು ತೆಗೆದುಬಿಡು ಅಂದಿದ್ದರಿಂದ ಈ ಸೋಮವಾರ ನಾನು ಪಾಸ್‌ವರ್ಡ್ ಬದಲಿಸಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಹಿಂದಿನಿಂದ ಧ್ವನಿ ಬಂತು.

"ಅದು... ಕಂಪ್ಯೂಟರ್ ತಾನ ಸೇವ್ ಮಾಡ್ಕೊಂಡಿರಬೇಕ್ರಿ."

ತಿರುಗಿ ನೋಡಿದೆ. ಮಷಿನ್ ನಿಲ್ಲಿಸಿ ಬಂದಿದ್ದ, ಎಣ್ಣೆಯ ಕೈಯನ್ನು ಚಿಂದಿ ಬಟ್ಟೆಗೆ ಒರೆಸುತ್ತಿದ್ದ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಸೋಮವಾರ ಸೇವ್ ಮಾಡೀರಿ. ಮಂಗಳವಾರ ಬಂದು ಮರತೇನಿ ಅಂದ್ರಿ."

"ಅಂದೇನ್ರಿ."

"ಬುಧವಾರ?"

"ಅವತ್ತೂ ಅಂದೇನ್ರಿ."

"ಶುಕ್ರವಾರ ಕೈ ತೊಳದೆ, ಅಳಿಸಿ ಹೋತು ಅಂದ್ರಿ."

"ಕೈ ತೊಳದಿದ್ದು ಖರೇ ಐತ್ರಿ."

ನಗು ಬಂತು. ತಡೆದುಕೊಂಡೆ, ಯಾಕೆಂದರೆ ಕೇಳಬೇಕಾದದ್ದು ಇನ್ನೂ ಇತ್ತು.

"ಹೋದ ವಾರ ಒಂದೇನು?"

"ಮೊದಲನೇ ವಾರದಿಂದರಿ."

"ಹಂಗಾರ ಸಾಹುಕಾರ್ರಿಗೆ ಪಾಸ್‌ವರ್ಡ್ ತಗಸ್ರಿ ಅಂತ ಯಾಕ ಹೇಳಿದ್ರಿ? ಮ್ಯಾಲ ಬರೂದು ಬ್ಯಾಸರಾತೇನು?"

ಈಗ ಅವನು ಕಿಟಕಿಯನ್ನೂ ನೋಡಲಿಲ್ಲ, ಕ್ಯಾಲೆಂಡರನ್ನೂ ನೋಡಲಿಲ್ಲ. ನೇರ ನನ್ನನ್ನೇ ನೋಡಿದ.

"ಶನಿವಾರ ಯಲ್ಲೇಶ ನನಗ ಫೋನ್ ಮಾಡಿದ್ದರಿ. ಪಾಸ್‌ವರ್ಡ್ ಹೇಳು ಅಂದ. ನನಗ ಗೊತ್ತಿಲ್ಲ, ಮೇಡಂನ್ನ ಕೇಳು ಅಂದೆ. ಗೊತ್ತೈತಿ ಅಂದಿದ್ರ ನಾಳಿಂದ ಎಲ್ಲಾರೂ ನನ್ನ ಕೇಳ್ತಿದ್ರು. ನಾ ಮ್ಯಾಲ ಬರೂದು ಅಲ್ಲಿಗೇ ಮುಗೀತಿತ್ತು. ಆ ನಲವತ್ತು ಫ್ಲ್ಯಾಂಜ್ ಕೆಟ್ಟಿದ್ದು ನನ್ನ ಸುಳ್ಳಿನಿಂದರಿ. ಸಾಹುಕಾರ್ರ ಮುಂದ ತಪ್ಪು ನಂದು ಅಂತ ಹೇಳೇನಿ. ಯಾಕ ಹಂಗ ಮಾಡಿದೆ ಅಂತ ಹೇಳಲಿಲ್ಲ. ಹೇಳಿದ್ರ ನಿಮ್ಮ ಹೆಸರು ಬರ್ತಿತ್ತು."

ಚಿಂದಿ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದು ಮುಂದುವರಿಸಿದ.

"ಸುಳ್ಳು ಹೇಳಿ ಮೆಟ್ಟಲಾ ಹತ್ತೂದು ಸಾಕಾತ್ರಿ. ಪಾಸ್‌ವರ್ಡ್ ಹೋದ್ರ ಸುಳ್ಳೂ ಹೋಗ್ತೈತಿ ಅಂತ ತಗಸಿದೆ. ಆದ್ರ ಖರೇ ಹೇಳಿ ಹತ್ತಾಕ ಮೂರು ದಿನ ಆತು, ಧೈರ್ಯ ಬರವಲ್ದು."

ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಎದೆ ತುಂಬಿ ಬಂತು ಅನ್ನುತ್ತಾರಲ್ಲ, ಹಾಗೆ ಆಯಿತು. ಅದರ ಜೊತೆಗೇ ನಾಚಿಕೆಯೂ ಆಯಿತು. ಯಾಕೆಂದರೆ ನಾನು ಇಲ್ಲಿಯವರೆಗೆ ಅವನಿಗಷ್ಟೇ ಅಲ್ಲ, ನಿಮಗೂ ಹೇಳದ ಒಂದು ಮಾತಿದೆ.

"ಶಶಿಕುಮಾರ ಅವರ, ತಪ್ಪು ನಿಮ್ಮದೊಂದ ಅಲ್ರಿ. ಸಾಹುಕಾರ್ರು ನನಗ ಪಾಸ್‌ವರ್ಡ್ ಮೂರು ತಿಂಗಳಿಗೊಮ್ಮೆ ಬದಲಿಸು ಅಂದಿದ್ರು."

ಲೆಕ್ಕದಲ್ಲಿ ಹುಷಾರಾದ ಮನುಷ್ಯ. ಆದರೂ ಇದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನೀವು ವಾರಕ್ಕೊಮ್ಮೆ..."

"ಹೂಂ."

"ಯಾಕ್ರಿ?"

"ಮೂರು ತಿಂಗಳು ಒಂದ ಇದ್ರ ನಿಮಗ ನೆನಪಾಗಿಬಿಡ್ತಿತ್ತಲ್ರಿ."

ಅವನು ಚಿಂದಿ ಬಟ್ಟೆಯನ್ನು ಮೂಗಿಗೆ ಅಡ್ಡ ಹಿಡಿದು ನಕ್ಕ. ಮೂಗಿನ ತುದಿಗೆ ಎಣ್ಣೆ ಹತ್ತಿತು. ಹೇಳೋಣವೆಂದುಕೊಂಡೆ, ಹೇಳಲಿಲ್ಲ, ಚಂದ ಕಾಣುತ್ತಿತ್ತು.

"ಇದನ್ನ ಅಳಿಸಲ್ರಿ?" ಎಂದು ಪರದೆ ತೋರಿಸಿದೆ.

"ಅಳಿಸ್ರಿ."

ಸೇವ್ ಆಗಿದ್ದ ಪಾಸ್‌ವರ್ಡ್ ಅಳಿಸಿದೆ, ಮತ್ತೆ ಫೋಲ್ಡರ್ ತೆರೆದೆ. ನನ್ನ ಫೋನಿನಲ್ಲಿ ಅವನೂ ಈಗ ಗೆಸ್ಟ್. ಕೆಲಸ ಮುಗಿಯಿತು. ಎದ್ದು ಹೊರಟಾಗ ಅವನು ಮೆಲ್ಲಗೆ ಕೇಳಿದ.

"ಇನ್ನ ಯಾವ ನೆವಾ ಹೇಳಿ ಬರ್ಲಿ?"

"ನೆವಾ ಹೇಳೂದು ಸಾಕಾತಂತ ಈಗ ಅಂದ್ರಲ್ಲ," ಎಂದು ಮೇಲೆ ಬಂದುಬಿಟ್ಟೆ. ಮೇಲೆ ಬಂದ ಮೇಲೆ ಭಯವಾಯಿತು. ಕೆಳಗೆ ಇಬ್ಬರೇ ಇದ್ದಾಗ ಆಡಿದ ಮಾತು ಬೇರೆ. ನಾಲ್ಕು ಜನರ ಕಣ್ಣೆದುರು ಏನೂ ಕೆಲಸವಿಲ್ಲದೆ ಮೆಟ್ಟಿಲು ಹತ್ತಿ ಬರುವುದು ಬೇರೆ. ಬರದಿದ್ದರೆ?

ಶುಕ್ರವಾರ ಹನ್ನೊಂದಕ್ಕೆ ಸಾಹುಕಾರ್ರು ನನ್ನ ಟೇಬಲ್ಲಿನ ಎದುರು ಕೂತು ಫ್ಲ್ಯಾಂಜಿನ ಡ್ರಾಯಿಂಗ್ ನೋಡುತ್ತಿದ್ದರು. ಬೇರೆ ದಿನ ಸಿಗಲಿಲ್ಲವೇ ಇವರಿಗೆ, ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಶಶಿಕುಮಾರ ಬಾಗಿಲಿಗೆ ಬಂದು, ಅವರನ್ನು ಕಂಡು, ಹಾಗೇ ನಿಂತ.

"ಏನಪಾ ಶಶಿ, ಮತ್ತ ಪಾಸ್‌ವರ್ಡ್ ಏನು? ತಗದೇವಲ್ಲ?"

ಈಗೊಂದು ನೆವ ಸಾಕಿತ್ತು. ಪ್ರಿಂಟ್ ಬೇಕಿತ್ತು ಎನ್ನಬಹುದಿತ್ತು, ಅಳತೆಯೊಂದು ಸಂಶಯ ಎನ್ನಬಹುದಿತ್ತು. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ.

"ಇಲ್ರಿ ಸಾಹುಕಾರ್ರ. ಕೆಲಸ ಏನೂ ಇಲ್ಲ. ಯಶೋಧರಾ ಅವರನ್ನ ನೋಡಾಕ ಬಂದೇನ್ರಿ."

ಸಾಹುಕಾರ್ರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕನ್ನಡಕ ಮಡಚಿ ಕಿಸೆಗೆ ಹಾಕಿಕೊಂಡು ಎದ್ದರು.

"ಈ ಡ್ರಾಯಿಂಗ್ ನಾ ಕೆಳಗ ಹೋಗಿ ನೋಡ್ತೇನವಾ. ಈಗ ಅಲ್ಲಿ ಯಾರೂ ಏನೂ ಕೇಳಂಗಿಲ್ಲಲ್ಲ."

ಅವರ ಹೆಜ್ಜೆ ಸಪ್ಪಳ ಕೆಳಗಿನವರೆಗೂ ಇಳಿಯಲು ಬಿಟ್ಟೆ. ಶಶಿಕುಮಾರ ಇನ್ನೂ ಬಾಗಿಲಲ್ಲೇ ಇದ್ದ, ಖರೇ ಹೇಳಿ ಸುಸ್ತಾದವನ ಹಾಗೆ ಚೌಕಟ್ಟು ಹಿಡಿದುಕೊಂಡು. ಸಾಹುಕಾರ್ರು ಎದ್ದು ಹೋದ ಕುರ್ಚಿಯನ್ನು ನನ್ನ ಕಡೆಗೆ ಎಳೆದೆ.

"ನೋಡಾಕ ಬಂದವರು ನಿಂತ್ಯಾಕ ನೋಡ್ತೀರಿ? ಕುಂತು ನೋಡ್ರಿ," ಅಂದೆ.