ಬಿಸಿಲು ಬಿಟ್ಟು ಎದ್ದವನು

"ಸ್ವಲ್ಪ ಜರುಗ್ತೀನಿ, ಕೂತ್ಕೋ. ಇಲ್ಲಿ ಬಿಸಿಲು ಚೆನ್ನಾಗಿದೆ."

ಹಾಗೆಂದವನು ಅಲ್ವಾರ್. ದೋಣಿ ರಿಪೇರಿಯವನು, ಊರಿಗೆ ಹೊಸಬ. ಕಾಫಿ ಲೋಟ ತಂದುಕೊಟ್ಟ ಸಿಗ್ನೆಯ ಎದೆ ಡವಡವ ಎಂದಿತು. ಕೂರುವ ಆಸೆ ಇರಲಿಲ್ಲವೇ? ಬೆಟ್ಟದಷ್ಟಿತ್ತು!

ಸ್ವೀಡನ್ನಿನ ಆ ಕಡಲೂರಿನಲ್ಲಿ ಮಾರ್ಚ್‌ನ ಮೊದಲ ಬಿಸಿಲು ಬಿದ್ದರೆ ಯಾರೂ ಮನೆಯೊಳಗೆ ಇರುವುದಿಲ್ಲ. ಸಿಗ್ನೆ ಕೆಲಸಕ್ಕಿದ್ದ ಗುನ್‌ವೋರಳ ಬೇಕರಿಯ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮುಖವನ್ನು ಸೂರ್ಯನಿಗೆ ಒಪ್ಪಿಸಿ ಕೂತುಬಿಡುತ್ತಾರೆ. ಅಲ್ಲಿ ಯಾರಾದರೂ ತಮ್ಮ ಜಾಗ ಬಿಟ್ಟುಕೊಟ್ಟರೆ ಅದರ ಅರ್ಥ ಊರಿಗೆಲ್ಲ ಗೊತ್ತು. ಬೇಡ ಎಂದರೂ ಗೊತ್ತು.

"ಬೇಡ... ಒಳಗೆ ಕೆಲಸ ಇದೆ," ಎಂದು ಸಿಗ್ನೆ ಸರಸರನೆ ಒಳಗೆ ಹೋದಳು.

ಕೆಲಸವೂ ಇಲ್ಲ, ಮಣ್ಣೂ ಇಲ್ಲ. ಅವಳ ಎರಡೂ ಕೆನ್ನೆಗಳ ಮೇಲೆ, ಮೇಲ್ತುಟಿಯ ಮೇಲೆ ಕಂದು ಬಂಗು. ಕಳೆದ ಬೇಸಿಗೆಯಲ್ಲಿ ಕಾಣಿಸಿಕೊಂಡಿತ್ತು. ಅಜ್ಜಿಯ ಮಾತು ಕೇಳಿ ನಿಂಬೆರಸ ಹಚ್ಚಿಕೊಂಡು ಇದೇ ಗೋಡೆಗೊರಗಿ ಬಿಸಿಲು ಕಾಯಿಸಿದಳು. ಕಲೆ ಇನ್ನೂ ಗಾಢವಾಯಿತು. ಅಂದಿನಿಂದ ಮುಖಕ್ಕೆ ಮೇಕಪ್ಪಿನ ದಪ್ಪ ಪದರ.

ಡಾಕ್ಟರು ನಕ್ಕಿದ್ದರು. "ನಿಂಬೆ ಮೀನಿಗೆ ಹಾಕು, ಮುಖಕ್ಕಲ್ಲ. ನೀನು ನುಂಗೋ ಗರ್ಭನಿರೋಧಕ ಗುಳಿಗೆಯ ಹಾರ್ಮೋನು, ಮೇಲೆ ಬಿಸಿಲು, ಎರಡೂ ಸೇರಿ ಹೀಗಾಗಿರೋ ಹಾಗಿದೆ. ಬೇರೆ ಗುಳಿಗೆ ನೋಡೋಣ. ರಾತ್ರಿ ಈ ಮುಲಾಮು, ಹಗಲು ತಪ್ಪದೆ ಸನ್‌ಸ್ಕ್ರೀನ್. ನೆರಳಲ್ಲಿರು. ತಿಂಗಳುಗಟ್ಟಲೆ ಬೇಕು, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ."

ಬಂಗು ತುಸು ತಿಳಿಯಾಗುತ್ತಿತ್ತು. ಆದರೆ ಅಲ್ವಾರ್ ಮತ್ತೆ ಮತ್ತೆ ಕರೆದ, ಅವಳು ಮತ್ತೆ ಮತ್ತೆ ಬೇಡವೆಂದಳು. ಕೊನೆಗೆ ಅವನು ಕರೆಯುವುದನ್ನೇ ಬಿಟ್ಟ.

"ಅಲ್ವಾರ್ ಉತ್ತರದ ಕಡೆ ಕೆಲಸ ಹಿಡೀತಾನಂತೆ," ಗುನ್‌ವೋರ್ ಹಿಟ್ಟು ನಾದುತ್ತಾ ಅಂದಳು. "ಇಲ್ಲಿ ಯಾರಿಗೂ ಅವನು ಬೇಡವಂತೆ. ಹೇಳಿದಾಗ ನಿನ್ನ ಕಡೆಗೇ ನೋಡಿದ ಕಣೇ."

ಸಿಗ್ನೆಯ ಕಣ್ಣು ತುಂಬಿತು. 'ಕಳೆದುಕೊಂಡ ಮೇಲೆ ಈ ಮುಖ ಮುಚ್ಚಿಟ್ಟು ಏನು ಮಾಡಲಿ?'

ಮೇಕಪ್ ತೊಳೆದಳು. ಸನ್‌ಸ್ಕ್ರೀನ್ ಮಾತ್ರ ಹಚ್ಚಿಕೊಂಡು ಹೊರಗೆ ಬಂದು, ಎದುರು ಕಟ್ಟಡದ ನೆರಳಲ್ಲಿ ನಿಂತಳು.

"ಅಲ್ವಾರ್, ಒಂದು ಮಾತು."

ಗೋಡೆಗೊರಗಿದವರೆಲ್ಲ ಒಂದೊಂದು ಕಣ್ಣು ತೆರೆದರು.

"ನಿನ್ನ ಪಕ್ಕ ಕೂರೋಕೆ ಇಷ್ಟ ಇಲ್ಲ ಅಂತಲ್ಲ. ನಾನು ಬಿಸಿಲಲ್ಲಿ ಕೂರೋ ಹಾಗಿಲ್ಲ. ನೋಡು, ನನ್ನ ಮುಖ ಇದು. ಪೂರ್ತಿ ವಾಸಿ ಆಗದೇನೂ ಇರಬಹುದು."

ಅವನು ಅವಳ ಮುಖ ನೋಡಿದ.

"ಇದಕ್ಕಾ? ನನ್ನ ಮೈಯಲ್ಲಿರೋ ದೋಣಿ ಡಾಂಬರಿನ ವಾಸನೆ ನಿನಗೆ ಆಗಲ್ಲ ಅಂದ್ಕೊಂಡು, ಇಲ್ಲಿಗೆ ಬರೋ ಮೊದಲು ದಿನಾ ಉಜ್ಜಿ ಉಜ್ಜಿ ಸ್ನಾನ ಮಾಡ್ತಿದ್ದೆ ಮಾರಾಯ್ತಿ!"

ಅವಳಿಗೆ ಅಳುವಿನ ನಡುವೆ ನಗು ಬಂತು.

ಅಲ್ವಾರ್ ಎದ್ದ. ಬೇಕರಿಯ ಬಾಗಿಲ ಬಳಿಯ ಕುರ್ಚಿಯೊಂದನ್ನು ಎತ್ತಿಕೊಂಡು ರಸ್ತೆ ದಾಟಿದ, ಹಿಮ ಇನ್ನೂ ಕರಗದ ಆ ನೆರಳಿಗೆ.

"ಮಾರ್ಚ್ ಬಿಸಿಲು ಬಿಟ್ಟು ಎದ್ದ ನೋಡ್ರೋ," ಬಾಗಿಲಲ್ಲಿ ನಿಂತ ಗುನ್‌ವೋರ್ ಅಂದಳು. "ಇವನ ಕಥೆ ಮುಗೀತು."

ಸಿಗ್ನೆ ಕೂತಳು. ಅವನು ಪಕ್ಕದಲ್ಲೇ ನಿಂತ.

"ಉತ್ತರಕ್ಕೆ ಹೋಗ್ತೀಯಾ?"

"ಯಾಕೆ ಹೋಗ್ಲಿ? ನೀನಿರೋದು ಇಲ್ಲಿ."

"ಇಲ್ಲಿ ತುಂಬಾ ಚಳಿ, ಅಲ್ವಾರ್..."

"ಗೊತ್ತು," ಎನ್ನುತ್ತಾ ಅವನು ಅವಳ ತಣ್ಣನೆಯ ಕೈಯನ್ನು ತನ್ನ ಜೇಬಿನೊಳಗೆ ಇಟ್ಟುಕೊಂಡ.