ನೆವೆನಾ ಆರಿಸಿಕೊಟ್ಟ ಮೌಸ್

"ಒಂದ್ಸಲ ಒತ್ತಿದ್ರೆ ಎರಡ್ಸಲ ಒತ್ಕೊಳತ್ತೆ ಮೇಡಂ! ನಿನ್ನೆ ಒಬ್ಬ ತಾತನ ಸಾವಿನ ಹಾಳೆ ಡಬಲ್ ಪ್ರಿಂಟ್ ಆಗೋಯ್ತು. ಅವರ ಮಗಳು ಕೇಳ್ತಾಳೆ, ನಮ್ಮಪ್ಪ ಏನು ಎರಡ್ಸಲ ಸತ್ರಾ ಅಂತ!"

ಕಂಪ್ಯೂಟರ್ ಅಂಗಡಿಯ ಗ್ಯಾರಂಟಿ ಕೌಂಟರಿನ ನೆವೆನಾ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಮೌಸ್ ತಂದಿದ್ದ ಯಾವೋರನ ಕಣ್ಣು ಆ ತುಟಿಯ ಮೇಲೇ ನಿಂತುಬಿಟ್ಟಿತು.

ಡ್ಯಾನ್ಯೂಬ್ ದಡದ ರೂಸೆ ಊರಿನಲ್ಲಿ ಯಾರಾದರೂ ತೀರಿಕೊಂಡರೆ, ತೀರಿಕೊಂಡು ವರ್ಷವಾದರೆ, ಫೋಟೋ ಹಾಕಿದ ಹಾಳೆ ಮನೆಬಾಗಿಲಿಗೆ, ಬಸ್ ಸ್ಟಾಪಿಗೆ ಅಂಟಿಸಬೇಕು. ಕೆಳಗೆ ಮನೆಯವರ ಹೆಸರು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಹಾಳೆಗಳನ್ನು ಜೋಡಿಸುವುದೇ ಯಾವೋರನ ಕೆಲಸ.

"ಬಿಚ್ಚಿ ಗಿಚ್ಚಿ ನೋಡಿಲ್ಲ ತಾನೆ? ಬಿಚ್ಚಿದ್ರೆ ಗ್ಯಾರಂಟಿ ಮರೆತ್ಬಿಡಿ."

"ಮುಟ್ಟೇ ಇಲ್ಲ ಕಣ್ರೀ."

ಅವಳು ಒತ್ತಿದಳು. ಮೌಸ್ ಸರಿಯಾಗಿಯೇ ಇತ್ತು.

"ಕಳ್ಳ! ನಿಮ್ಮ ಕೈಗೆ ಬಂದಿದ್ದೇ ಒಳ್ಳೇ ಹುಡುಗ ಆಗ್ಬಿಟ್ಟ ನೋಡಿ."

"ಗುಂಡಿ ಒಳಗೆ ತೆಳ್ಳಗಿನ ತಗಡು ಇರತ್ತೆ. ಸವೆದ್ರೆ ಹೀಗೇ, ಮನಸ್ಸು ಬಂದಾಗ ಕೆಡತ್ತೆ. ಕೂತ್ಕೊಳಿ, ಕೆಡೋವರೆಗೂ ಒತ್ತೋಣ."

ಒತ್ತುತ್ತಾ ಮಾತಾಡಿದರು. ಕೊನೆಗೆ ಅದು ಕೆಟ್ಟಾಗ ಯಾವೋರನಿಗೆ ಬೇಜಾರೇ ಆಯಿತು. ಅವಳು ಹೊಸ ಮೌಸುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಒಂದನ್ನು ಆರಿಸಿಕೊಟ್ಟಳು.

"ಇದಕ್ಕೆ ಮತ್ತೆ ಎರಡು ವರ್ಷದ ಗ್ಯಾರಂಟಿ ಸಿಗಲ್ಲ. ಹಳೇದರಲ್ಲಿ ಉಳಿದಿರೋದಷ್ಟೇ."

ಆಮೇಲೆ ಅವನು ಮೌಸ್ ಇಲ್ಲದೆಯೇ ಬರತೊಡಗಿದ, ಕೈಯಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ ಹಿಡಿದು. ಪದರ ಪದರದ ಪುಡಿ ಅವಳ ಕೀಬೋರ್ಡ್ ತುಂಬಾ ಉದುರುತ್ತಿತ್ತು. "ಇದಕ್ಕೆ ಯಾವ ಗ್ಯಾರಂಟೀನೂ ಇಲ್ಲ ಕಣೋ!" ಎಂದು ಬೈಯುತ್ತಲೇ ತಿನ್ನುತ್ತಿದ್ದಳು.

ಒಂದು ದಿನ ಅವಳೇ ಹೇಳಿದಳು. ಗಂಡ ಓಗ್ನ್ಯಾನನನ್ನು ಡ್ಯಾನ್ಯೂಬ್ ನದಿ ನುಂಗಿತ್ತು.

"ವರ್ಷ ತುಂಬಲಿ ಯಾವೋರ್. ಆಮೇಲೆ ಹೇಳ್ತೀನಿ."

ಏನು ಹೇಳುತ್ತಾಳೆಂದು ಅವನು ಕೇಳಲಿಲ್ಲ. ಕಾದ.

ವರ್ಷ ತುಂಬುತ್ತಾ ಬಂದಾಗ ಓಗ್ನ್ಯಾನನ ತಾಯಿ ಸ್ತೊಯಾಂಕಾ ಹಾಳೆ ಮಾಡಿಸಲು ಬಂದರು. ಯಾವೋರ ಫೋಟೋ ಕತ್ತರಿಸಿದ, ಕಪ್ಪು ಅಂಚು ಎಳೆದ. ಕೆಳಗೆ 'ತಾಯಿ ಸ್ತೊಯಾಂಕಾ, ಹೆಂಡತಿ ನೆವೆನಾ'. ಆ ಸಾಲಿನ ಮೇಲೆ ಮೌಸಿನ ಬಾಣದ ಗುರುತು ಬಹಳ ಹೊತ್ತು ನಿಂತಿತು. ಕೊನೆಗೆ ಅರ್ಧ ಸಾಲನ್ನು ಅಳಿಸಿಬಿಟ್ಟ.

ಹಾಳೆಗಳು ಬಾಗಿಲುಗಳ ಮೇಲೆ ಅಂಟಿದ ದಿನ ನೆವೆನಾ ಪ್ರೆಸ್ಸಿಗೆ ಬಂದಳು. ಕಿತ್ತು ತಂದ ಹಾಳೆಯ ಟೇಪ್ ಬೆರಳಿಗೆ ಅಂಟಿಕೊಂಡಿತ್ತು.

"ಅತ್ತೆ ಬೀದೀಲಿ ನಿಲ್ಸಿ ಕೇಳಿದ್ರು, ಹೆಸರು ನೀನೇ ತೆಗೆಸಿದ್ಯಾ, ನನ್ನ ಮಗ ಅಷ್ಟು ಭಾರ ಆದ್ನಾ ಅಂತ."

"ಮೌಸ್, ನೆವೆನಾ... ಮತ್ತೆ ಡಬಲ್ ಕ್ಲಿಕ್ ಆಗಿ..."

ಅವಳು ಅವನ ಕುರ್ಚಿಯಲ್ಲಿ ಕೂತು ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಒಂದೇ ಒಂದು ಸಲ ಕೆಡು ಎಂದು ಬೇಡಿಕೊಳ್ಳುವ ಹಾಗಿತ್ತು ಅವಳ ಮುಖ. ಅದು ಕೆಡಲಿಲ್ಲ.

"ನಾನೇ ಅಳಿಸಿದ್ದು," ಎಂದ ಯಾವೋರ. "ಅವನ ಹೆಂಡತಿ ಅಂತ ನಿನ್ನ ಹೆಸರು ಹಾಕಕ್ಕೆ ಕೈ ಬರಲಿಲ್ಲ. ನೀನಂದ್ರೆ ನಂಗೆ ಪ್ರಾಣ ಕಣೆ."

"ಗೊತ್ತಿತ್ತು ಕಣೋ. ಇವತ್ತು ಹೂಂ ಅನ್ನೋಣ ಅಂತಿದ್ದೆ." ಅವಳು ಬೆರಳಿನ ಟೇಪ್ ಬಿಡಿಸಿಕೊಂಡಳು. "ನಾನು ಅವನಿಗೆ ಕೊಡೋದು ಅಂತ ಉಳಿದಿದ್ದು ಇದೊಂದು ಹಾಳೇಲಿ ಒಂದು ಹೆಸರು. ಅದನ್ನೂ ಬಿಡಲಿಲ್ವಲ್ಲೋ ನೀನು."

ಅವನು ಅವಳ ಹೆಸರು ಸೇರಿಸಿ ಹೊಸ ಹಾಳೆಗಳನ್ನು ಪ್ರಿಂಟ್ ತೆಗೆದ. ಇಬ್ಬರೂ ಬಾಗಿಲಿಂದ ಬಾಗಿಲಿಗೆ ನಡೆದರು. ಅವಳು ಟೇಪ್ ಹರಿದುಕೊಟ್ಟಳು, ಅವನು ಅಂಟಿಸಿದ. ಫೋಟೋದಲ್ಲಿ ಓಗ್ನ್ಯಾನನ ಕೆನ್ನೆಯ ಮೇಲೆ ಬಿದ್ದ ಸುಕ್ಕನ್ನು ಅಂಗೈಯಿಂದ ಮೆಲ್ಲಗೆ ಸವರಿದ. ಅದನ್ನು ನೋಡಿ ಅವಳು ಮುಖ ತಿರುಗಿಸಿಕೊಂಡಳು.

"ಇನ್ನು ಕೌಂಟರ್ ಹತ್ರ ಬರ್ಲಾ, ಬೇಡ್ವಾ?"

"ಮೌಸ್ ಕೆಟ್ರೆ ಬಾ."

ಗ್ಯಾರಂಟಿ ಮುಗಿದುಹೋಯಿತು. ಮೌಸ್ ಇವತ್ತಿಗೂ ಕೆಟ್ಟಿಲ್ಲ.